ಇಲಿ ಬಿದ್ದ ಊರು

ಡನ್‌ವಾಲ್ ಅನ್ನೋ ಊರು ಯಾವ ಮ್ಯಾಪಲ್ಲೂ ಸಿಗಲ್ಲ. 2012ರಲ್ಲಿ ಬಂದ ‘ಡಿಸಾನರ್ಡ್’ ಅನ್ನೋ ವಿಡಿಯೋ ಗೇಮಿನ ರಾಜಧಾನಿ ಅದು. ಮಾಡಿದ್ದು ಆರ್ಕೇನ್ ಸ್ಟುಡಿಯೋಸ್, ಫ್ರಾನ್ಸಿನ ಲಿಯಾನ್‌ನಲ್ಲಿ ಶುರುವಾದ ಕಂಪನಿ. ಹೊಗೆ ಕಾರುವ ಚಿಮಣಿಗಳು, ಮಸಿ ಹಿಡಿದ ಇಟ್ಟಿಗೆ ಗೋಡೆಗಳು, ನಡುವೆ ರೆನ್‌ಹೇವನ್ ಅನ್ನೋ ಕೊಳಕು ನದಿ. ನೋಡಿದ ತಕ್ಷಣ ಯಾರಾದರೂ ‘ಓ, ವಿಕ್ಟೋರಿಯಾ ಕಾಲದ ಲಂಡನ್’ ಅಂದುಬಿಡ್ತಾರೆ. ಮಾಡಿದವರ ತಲೆಯಲ್ಲೂ ಒಂದು ಹಂತದಲ್ಲಿ 1666ರ ಲಂಡನ್ ಇತ್ತು, ಆಮೇಲೆ ಅದನ್ನ ಬಿಟ್ಟು ತಮ್ಮದೇ ಊರು ಕಟ್ಟಿದರು. ನಾನು ಈ ಗೇಮನ್ನ ಮೂರು ಸಲ ಮುಗಿಸಿದ್ದೀನಿ. ಮೂರನೇ ಸಲಕ್ಕೆ ಇದು ಲಂಡನ್ನಿನ ಕಥೆನಾ ಅಂತಲೇ ಅನುಮಾನ ಬಂತು.

ಕಥೆ ಹೀಗೆ. ನಾಲ್ಕು ದ್ವೀಪಗಳ ಸಾಮ್ರಾಜ್ಯ. ರಾಜಧಾನಿಗೆ ಇಲಿಗಳಿಂದ ಪ್ಲೇಗು ಬಡಿದಿದೆ. ರಾಣಿಯ ಅಂಗರಕ್ಷಕ ಕೊರ್ವೊ ಉಳಿದ ದ್ವೀಪಗಳ ಹತ್ತಿರ ಸಹಾಯ ಕೇಳೋಕೆ ಹೋಗಿ, ಖಾಲಿ ಕೈಯಲ್ಲಿ ವಾಪಸ್ ಬರ್ತಾನೆ. ಅವನು ತಂದ ಕಾಗದದಲ್ಲಿ ಇರೋದು ಒಂದೇ ಸುದ್ದಿ: ಸಹಾಯ ಇಲ್ಲ, ನಿಮ್ಮ ಬಂದರಿಗೇ ದಿಗ್ಬಂಧನ ಹಾಕ್ತೀವಿ. ಆ ದ್ವೀಪಗಳಲ್ಲಿ ಹಿಂದೊಮ್ಮೆ ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದ ಮೋರ್ಲಿ ಕೂಡ ಒಂದು. ಯುದ್ಧ ಇನ್ನೇನು ಹೊಸ್ತಿಲಿಗೆ ಬಂತು ಅನ್ನೋ ಹೊತ್ತಲ್ಲೇ ರಾಣಿಯ ಕೊಲೆ ಆಗುತ್ತೆ, ಆರೋಪ ಕೊರ್ವೊ ತಲೆಗೆ ಬರುತ್ತೆ, ಬೇಹುಗಾರರ ಮುಖ್ಯಸ್ಥ ಬರೋಸ್ ಆಡಳಿತ ಹಿಡೀತಾನೆ.

ಆದರೆ ಈ ಗೇಮಲ್ಲಿ ನಿಜವಾಗಿ ಮಾತಾಡೋದು ಜಾಗಗಳು. ಊರಿಡೀ ನಡೆಯೋದು ತಿಮಿಂಗಿಲದ ಎಣ್ಣೆ ಮೇಲೆ. ರಸ್ತೆ ರಸ್ತೆಗೂ ‘ವಾಲ್ ಆಫ್ ಲೈಟ್’ ಅನ್ನೋ ಬೆಳಕಿನ ಗೋಡೆ. ಅನುಮತಿ ಇದ್ದವರು ಆಚೆ ಈಚೆ ಆರಾಮಾಗಿ ಓಡಾಡ್ತಾರೆ, ಇಲ್ಲದವರು ಅಲ್ಲೇ ಬೂದಿ. ನಮ್ಮ ಭಾಷೇಲಿ ಹೇಳೋದಾದ್ರೆ ವೈಟ್‌ಲಿಸ್ಟ್. ಪಕ್ಕದಲ್ಲಿರೋ ಎಣ್ಣೆ ಟ್ಯಾಂಕ್ ಕಿತ್ತರೆ ಗೋಡೆ ಆರಿಹೋಗುತ್ತೆ. ಅದರ ವೈರಿಂಗ್ ಬದಲಿಸೋ ಸಲಕರಣೆ ನಿಮ್ಮ ಹತ್ತಿರ ಇದ್ದರೆ ಪಟ್ಟಿಯೇ ತಿರುಗುಮುರುಗು: ನೀವು ದಾಟಬಹುದು, ಕಾವಲುಗಾರ ಸುಟ್ಟುಹೋಗ್ತಾನೆ. ಆಕ್ಸೆಸ್ ಕಂಟ್ರೋಲ್ ಬಗ್ಗೆ ಯಾರಿಗಾದರೂ ಪಾಠ ಮಾಡಬೇಕಿದ್ದರೆ ನಾನು ಸ್ಲೈಡ್ ಬಿಟ್ಟು ಇದನ್ನೇ ಆಡಿಸ್ತೀನಿ.

ಆಮೇಲೆ ಬರೋದು ಮುಳುಗಿದ ಬಡಾವಣೆ. ಒಂದು ಕಾಲದಲ್ಲಿ ಅದು ರಡ್‌ಶೋರ್, ಹಣದ ವ್ಯವಹಾರದ ಕೇಂದ್ರ. ನದಿಯ ತಡೆಗೋಡೆ ಒಡೆದು ನೀರು ನುಗ್ಗಿತು, ಯಾರೂ ರಿಪೇರಿ ಮಾಡಲಿಲ್ಲ. ಮೊದಲ ಮಹಡಿವರೆಗೂ ನೀರು, ಮೇಲೆ ತೇಲೋ ಮೇಜು ಕುರ್ಚಿ. ಎತ್ತರದ ಹಳಿಯ ಮೇಲೆ ಗಾಡಿ ಬರುತ್ತೆ, ಬಟ್ಟೆ ಸುತ್ತಿದ ಹೆಣಗಳನ್ನ ಅಲ್ಲಿ ಸುರಿದು ಹೋಗುತ್ತೆ. ಯಾರ ಹೆಣ, ಎಷ್ಟು ಹೆಣ, ಲೆಕ್ಕ ಇಲ್ಲ. ಆ ಹೆಣಗಳ ನಡುವೆ ಇನ್ನೂ ಜೀವ ಇರೋ ರೋಗಿಗಳೂ ಓಡಾಡ್ತಿರ್ತಾರೆ, ಕಣ್ಣಿಂದ ರಕ್ತ ಸುರಿಸ್ತಾ. ಇಲ್ಲಿಗೆ ಬಂದಾಗಲೆಲ್ಲ ನಾನು ಗೇಮ್ ಪಾಸ್ ಮಾಡಿ ಎದ್ದು ಹೋಗಿ ನೀರು ಕುಡಿದು ಬರ್ತೀನಿ.

ಈಗ ಅನುಮಾನದ ವಿಷಯಕ್ಕೆ ಬರೋಣ. ಲಂಡನ್ನಲ್ಲಿ ಪ್ಲೇಗಿನ ದೊಡ್ಡ ಹಾವಳಿ 1665–66ಕ್ಕೇ ಮುಗಿದಿತ್ತು. ವಿಕ್ಟೋರಿಯಾ ಕಾಲದಲ್ಲಿ ಆ ಊರನ್ನ ಹೆದರಿಸಿದ್ದು ಕಾಲರಾ. ಹಾಗಾದ್ರೆ ಗ್ಯಾಸ್‌ಲೈಟು, ರೈಲು, ರಾಣಿ, ಇಲಿ, ಪ್ಲೇಗು ಎಲ್ಲಾ ಒಟ್ಟಿಗೆ ಇದ್ದ ಊರು ಯಾವುದು? ಬಾಂಬೆ! 1896ರಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ, ಕಾಳಿನ ಗೋದಾಮುಗಳ ಮಧ್ಯೆ ಪ್ಲೇಗು ಕಾಣಿಸಿಕೊಂಡಿತು. ಜನ ಲಕ್ಷಗಟ್ಟಲೆ ಊರು ಬಿಟ್ಟರು, ರೋಗವೂ ಅವರ ಜೊತೆ ಹೊರಟಿತು. ಪುಣೆಗೆ ಹೋಯ್ತು, ಹುಬ್ಬಳ್ಳಿಗೆ ಹೋಯ್ತು, 1898ರಲ್ಲಿ ಬೆಂಗಳೂರಿಗೂ ಬಂತು.

ದಿಗ್ಬಂಧನದ ಕಾಗದ ನೆನಪಿದೆಯಲ್ಲ? 1897ರಲ್ಲಿ ವೆನಿಸ್‌ನಲ್ಲಿ ದೇಶಗಳೆಲ್ಲ ಸೇರಿ ಪ್ಲೇಗಿನ ಬಗ್ಗೆ ಸಭೆ ನಡೆಸಿದವು. ಬಾಂಬೆಯ ಸರಕು ಬೇಡ, ಹಡಗು ಬೇಡ ಅನ್ನೋ ಒತ್ತಡ ಯುರೋಪಿನಿಂದ ಬರ್ತಾ ಇತ್ತು. ವ್ಯಾಪಾರ ನಿಂತುಹೋಗುತ್ತೆ ಅನ್ನೋ ಭಯಕ್ಕೆ ಸರ್ಕಾರ ಅವಸರ ಅವಸರವಾಗಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂತು. 2020ರ ಕೋವಿಡ್‌ನಲ್ಲಿ ನಮ್ಮನ್ನ ಮನೆಯೊಳಗೆ ಕೂರಿಸೋಕೂ ಅದೇ ಕಾಯ್ದೆ ಬಳಸಿದರು.

ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿದರು. ಹೆಂಗಸರು ಮಕ್ಕಳು ಅನ್ನದೆ ತಪಾಸಣೆ ಮಾಡಿದರು, ರೋಗಿಗಳನ್ನ ಆಸ್ಪತ್ರೆಗೆ, ಮನೆಯವರನ್ನ ಕ್ಯಾಂಪಿಗೆ ಸಾಗಿಸಿದರು, ಸಾಮಾನು ಸುಟ್ಟರು. ಇದರ ಮುಖ್ಯಸ್ಥ ರ‍್ಯಾಂಡ್ ಅನ್ನೋ ಅಧಿಕಾರಿ. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ಆದದ್ದಕ್ಕೆ ಗವರ್ನರ್ ಬಂಗಲೆಯಲ್ಲಿ ಸಂಭ್ರಮ ಇತ್ತು. ಅಲ್ಲಿಂದ ಸಾರೋಟಿನಲ್ಲಿ ವಾಪಸ್ ಬರ್ತಿದ್ದ ರ‍್ಯಾಂಡ್‌ಗೆ ಚಾಪೇಕರ್ ಸೋದರರು ಗುಂಡು ಹೊಡೆದರು.

ಡನ್‌ವಾಲಿನಲ್ಲೂ ಇಂಥದ್ದೇ ಒಂದು ರಾತ್ರಿ ಇದೆ. ಊರು ಸಾಯ್ತಿರುವಾಗ ಬಾಯ್ಲ್ ಮನೆತನದ ಬಂಗಲೆಯಲ್ಲಿ ಮುಖವಾಡದ ಪಾರ್ಟಿ. ಕೊರ್ವೊ ತನ್ನ ಹಂತಕನ ಮುಖವಾಡದಲ್ಲೇ ಒಳಗೆ ಹೋಗ್ತಾನೆ, ಎಲ್ಲರೂ ಅದನ್ನ ವೇಷ ಅಂದ್ಕೊಂಡು ನಗ್ತಾರೆ. ಅತಿಥಿಗಳ ಪುಸ್ತಕದಲ್ಲಿ ಸ್ವಂತ ಹೆಸರನ್ನೇ ಬರೆದು ಬರಬಹುದು! ನಾನು ಮೂರೂ ಸಲ ಬರೆದಿದ್ದೀನಿ.

ಒಂದು ಕಡೆ ಮಾತ್ರ ಗೇಮು ನಿಜಕ್ಕಿಂತ ಸುಲಭದ ದಾರಿ ಹಿಡೀತು ಅನ್ಸುತ್ತೆ. ಅರಮನೆ ಹೊಕ್ಕು ಹುಡುಕಿದರೆ ಬರೋಸ್‌ನ ತಪ್ಪೊಪ್ಪಿಗೆಯ ರೆಕಾರ್ಡಿಂಗ್ ಸಿಗುತ್ತೆ. ಬಡವರು ಸತ್ತರೆ ಬಡತನವೂ ಹೋಗುತ್ತೆ ಅಂತ ದೂರದ ಖಂಡದಿಂದ ಆ ಇಲಿಗಳನ್ನ ತರಿಸಿದ್ದು ಅವನೇ. ಅದು ಕೈಮೀರಿತು, ರಾಣಿ ತನಿಖೆ ಮಾಡಿಸ್ತೀನಿ ಅಂದಳು, ಅದಕ್ಕೇ ಕೊಲೆ. ಗೇಮಿನುದ್ದಕ್ಕೂ ಸುಳ್ಳು ಹೇಳಿದ ಧ್ವನಿವರ್ಧಕಗಳಲ್ಲೇ ನೀವು ಆ ರೆಕಾರ್ಡಿಂಗ್ ಹಾಕಬಹುದು. ಕೇಳಿದ ಕಾವಲುಗಾರರೇ ಅವನನ್ನ ಹಿಡೀತಾರೆ. ಕತ್ತಿಯೇ ಬೇಡ. ನಿಜದ ಪ್ಲೇಗಿಗೆ ಇಂಥ ಒಬ್ಬ ಖಳ ಇರಲಿಲ್ಲ. ಹಡಗು, ಕಾಳಿನ ಮೂಟೆ, ರೈಲು, ಒತ್ತೊತ್ತಾದ ಚಾಳು, ಜೊತೆಗೆ ರೋಗಿಗಿಂತ ವ್ಯಾಪಾರದ ಚಿಂತೆ ಜಾಸ್ತಿ ಇದ್ದ ಸರ್ಕಾರ. ಇದನ್ನೆಲ್ಲ ಯಾವ ರೆಕಾರ್ಡಿಂಗಲ್ಲಿ ಹಾಕಿ ಯಾರಿಗೆ ಕೇಳಿಸ್ತೀರಿ?

ಇನ್ನೊಂದು ವ್ಯತ್ಯಾಸ ನನಗೆ ಹೊಳೆದದ್ದು ನಮ್ಮಜ್ಜಿಯಿಂದ. ಡನ್‌ವಾಲಿನ ಇಲಿಗಳು ಹಿಂಡು ಹಿಂಡಾಗಿ ಬಂದು ಬದುಕಿದ್ದವರನ್ನೇ ತಿಂತಾವೆ. ನಮ್ಮಜ್ಜಿ ತನ್ನ ಅವ್ವನಿಂದ ಕೇಳಿದ ಕಥೆಯಲ್ಲಿ ಜನ ಹೆದರ್ತಿದ್ದದ್ದು ಸತ್ತ ಇಲಿಗೆ. ‘ಇಲಿ ಬಿತ್ತು ಅಂದ್ರೆ ಮುಗೀತು ಕಣೋ ಮಗ, ದನ ಕರ ಹೊಡ್ಕೊಂಡು ಹೊಲಕ್ಕೆ ಹೋಗಿ ಗುಡ್ಲು ಹಾಕ್ಕೊಳ್ಳೋದೇ. ಪಿಳೇಗು ಹೋಗೋವರೆಗೂ ಯಾರೂ ಊರೊಳಗೆ ಕಾಲಿಡ್ತಿರಲಿಲ್ಲ’ ಅಂತಿದ್ಲು. ಸರಿಯಾಗೇ ಇದೆ. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟ ಮನುಷ್ಯರನ್ನ ಹುಡುಕುತ್ತೆ. ಚಿಗಟವೇ ರೋಗ ದಾಟಿಸುತ್ತೆ ಅಂತ ಸಿಮೊಂಡ್ ಅನ್ನೋ ಫ್ರೆಂಚ್ ಡಾಕ್ಟರ್ ಕರಾಚಿಯಲ್ಲಿ ಕಂಡುಹಿಡಿದದ್ದು 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದ ಅದೇ ವರ್ಷ. ವಿಜ್ಞಾನಿಗಳು ಅದನ್ನ ಒಪ್ಪೋಕೆ ಇನ್ನೂ ಹಲವು ವರ್ಷ ಬೇಕಾಯ್ತು. ನಮ್ಮೂರಿನವರು ಅಷ್ಟರಲ್ಲಿ ಗುಡಿಸಲು ಹಾಕ್ಕೊಂಡಾಗಿತ್ತು.

ಬೆಂಗಳೂರು ಮಾತ್ರ ಮುಳುಗಿದ ಬಡಾವಣೆಯ ದಾರಿ ಹಿಡೀಲಿಲ್ಲ. ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟು ಗಲ್ಲಿಗಳ ಪಾಡು ನೋಡಿದ ಮೇಲೆ ಮಲ್ಲೇಶ್ವರಂ, ಬಸವನಗುಡಿ ಬಡಾವಣೆಗಳು ಬೆಳೆದವು. ಅಗಲದ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಕಸ ಸಾಗಿಸೋಕೆ ಅಂತಲೇ ಸಣ್ಣ ಓಣಿ. ಪೇಟೆಯಲ್ಲೇ ಉಳಿದವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅಗಲದ ರಸ್ತೆಯ ಸೈಟು ಎಲ್ಲರಿಗೂ ಎಲ್ಲಿಂದ ಸಿಗಬೇಕು?

ನಾನು ಬಾಡಿಗೆಗೆ ಇರೋದು ಮಲ್ಲೇಶ್ವರದಲ್ಲೇ. ಬೈಕ್ ನಿಲ್ಲಿಸೋದು ಅಂಥದ್ದೇ ಒಂದು ಹಿಂದಿನ ಓಣಿಯಲ್ಲಿ. ಮೊನ್ನೆ ರಾತ್ರಿ ಆಫೀಸಿಂದ ತಡವಾಗಿ ಬಂದಾಗ ಹೆಡ್‌ಲೈಟ್ ಬೆಳಕಲ್ಲಿ ಬೆಕ್ಕಿನಷ್ಟು ದಪ್ಪ ಹೆಗ್ಗಣ ಒಂದು ಚರಂಡಿಯಿಂದ ಎದ್ದು, ನನ್ನನ್ನ ನೋಡಿ, ನಿಧಾನಕ್ಕೆ ಆಚೆ ದಾಟಿ ಹೋಯ್ತು. ಗಟ್ಟಿಮುಟ್ಟಾಗಿತ್ತು. ಅಜ್ಜಿಯ ಲೆಕ್ಕದಲ್ಲಿ ಸದ್ಯಕ್ಕೆ ಹೆದರೋ ಹಂಗಿಲ್ಲ.