ಹದಿನಾರರ ಪಂಕ್ತಿ

ಊಟದ ಪಂಕ್ತಿಯಲ್ಲಿ ಬೇಗ ಉಂಡವರು ಎಂಜಲುಗೈ ಒಣಗಿಸಿಕೊಂಡು ಕೂತಿರಬೇಕು. ಕೊನೆಯವರ ಮಜ್ಜಿಗೆ ಅನ್ನ ಮುಗಿಯದೆ ಏಳುವಂತಿಲ್ಲ. ಲಿಥಿಯಂ ಬ್ಯಾಟರಿಯಲ್ಲಿ ಈ ಮರ್ಯಾದೆ ತಿರುಗುಮುರುಗು. ಒಂದರ ಹಿಂದೊಂದು ಜೋಡಿಸಿದ ಹದಿನಾರು ಸೆಲ್‌ಗಳಲ್ಲಿ ಯಾವುದರ ಹೊಟ್ಟೆ ಮೊದಲು ತುಂಬುತ್ತದೋ ಅದು ಎದ್ದ ಕೂಡಲೇ ಉಳಿದ ಹದಿನೈದೂ ಅರೆಹೊಟ್ಟೆಯಲ್ಲೇ ಏಳಬೇಕು. ರಾತ್ರಿ ಯಾವುದು ಮೊದಲು ಬರಿದಾಗುತ್ತದೋ ಅದರೊಂದಿಗೆ ಮನೆಗೂ ಕತ್ತಲೆ. ಹೀಗಿರುವಾಗ ಚಾವಣಿಯ ಸೋಲಾರ್‌ಗೆ ಲಕ್ಷಗಟ್ಟಲೆ ಸುರಿಯುವವರು, ಸೆಲ್‌ಗಳನ್ನು ಜೋಡಿಸುವ ಮುನ್ನ ಸಮ ಮಾಡಿಕೊಳ್ಳಲು ನಾಲ್ಕಾರು ದಿನ ಕೊಡಲು ಚೌಕಾಸಿ ಮಾಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಯುಪಿಎಸ್‌ನ ಬೀಪ್ ಕೇಳುತ್ತ ಬೆಳೆದ ನಮಗೆ ಈ ಅಸಡ್ಡೆ ಹಳೆಯ ಬ್ಯಾಟರಿಯಿಂದ ಬಂದದ್ದು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಬ್ಯಾಟರಿ ಬಲು ಸೈರಣೆಯದು. ತುಂಬಿದ ಮೇಲೂ ಕರೆಂಟ್ ಹರಿಸಿದರೆ ಒಳಗಿನ ನೀರು ಒಡೆದು ಗುಳ್ಳೆಯಾಗಿ ಹೋಗುತ್ತದೆ. ಅಷ್ಟರಲ್ಲಿ ಹಿಂದುಳಿದ ಸೆಲ್ ತನ್ನ ಪಾಲು ತುಂಬಿಕೊಳ್ಳುತ್ತದೆ. ನಾವು ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಿದ್ದು ಈ ಸೈರಣೆಗೆ ತೆತ್ತ ಕಂದಾಯ. ಲಿಥಿಯಂನಲ್ಲಿ ಹೀಗೆ ಉಕ್ಕಿ ಹರಿಯಲು ಕೋಡಿಯೇ ಇಲ್ಲ. ಮನೆಗಳಿಗೆ ಈಗ ಬರುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬಗೆಯನ್ನು 1997ರ ಪ್ರಬಂಧದಲ್ಲಿ ಲೋಕಕ್ಕೆ ತಿಳಿಸಿದವರು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ (ನಡುವಿನ ಹೆಸರು ಕನ್ನಡದ ಕಿವಿಗೆ ಹೊಸದೇನಲ್ಲ). ಇದು ಬೇರೆ ಲಿಥಿಯಂಗಳಿಗಿಂತ ಸಾಧುವೇ. ಆದರೂ 3.65 ವೋಲ್ಟ್ ದಾಟಿಸಿ ತುರುಕಿದರೆ ಕೆಡುತ್ತದೆ. ತುಂಬಿದ ಮೇಲೂ ಕರೆಂಟ್ ಹರಿಸುವ, ಹಳೆಯ ಯುಪಿಎಸ್‌ನ ‘ಈಕ್ವಲೈಸ್’ ಸೆಟ್ಟಿಂಗನ್ನು ಇದಕ್ಕೂ ಹಾಗೇ ಬಿಡುವುದು ಶುದ್ಧ ತಪ್ಪು.

‘ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಇದೆಯಲ್ಲ, ಅದೇ ಸಮ ಮಾಡಿಕೊಳ್ಳುತ್ತದೆ’ ಎನ್ನುವುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಲೆಕ್ಕ ಹಾಕಿ ನೋಡೋಣ. 280 ಆಂಪಿಯರ್-ಅವರ್ ಸೆಲ್‌ಗಳಲ್ಲಿ ಒಂದು ಉಳಿದವುಗಳಿಗಿಂತ ಶೇಕಡ 5ರಷ್ಟು ಮುಂದಿದ್ದರೆ ವ್ಯತ್ಯಾಸ 14 ಆಂಪಿಯರ್-ಅವರ್. ಸಾಧಾರಣ ಬಿಎಂಎಸ್ ಹೆಚ್ಚಿನದನ್ನು ಸಣ್ಣ ರೆಸಿಸ್ಟರ್‌ನಲ್ಲಿ ಸುಟ್ಟು ಕಳೆಯುತ್ತದೆ. ಅದರ ವೇಗ 100 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ 140 ಗಂಟೆ ಬೇಕು. ಅದೂ ಸತತ 140 ಗಂಟೆಯಲ್ಲ. ಈ ಸೆಲ್‌ಗಳ ಶೇಕಡ 20ರಿಂದ 80ರವರೆಗಿನ ದಾರಿ ಬಯಲುಸೀಮೆಯ ರಸ್ತೆಯಂತೆ ಮಟ್ಟಸ. ವೋಲ್ಟೇಜ್ ಬದಲಾಗುವುದು ಸುಮಾರು 0.1ರಷ್ಟು ಮಾತ್ರ. ಅಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ವೋಲ್ಟ್‌ಮೀಟರ್ ಹೇಳಲಾರದು. 3.4 ದಾಟಿ ಏರು ಶುರುವಾದ ಮೇಲಷ್ಟೇ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಬಿಸಿಲಿನ ದಿನ ಬ್ಯಾಟರಿ ಆ ಏರಿನಲ್ಲಿ ಒಂದು ಗಂಟೆ ನಿಂತರೂ ನಾಲ್ಕೂವರೆ ತಿಂಗಳ ಕೆಲಸ. ಮಳೆಗಾಲ ಬಂತೆಂದರೆ ಅದೂ ಇಲ್ಲ. ಹೆಚ್ಚಿನದನ್ನು ಸುಡದೆ ಹಿಂದುಳಿದ ಸೆಲ್‌ಗೆ ದಾಟಿಸುವ ಆಕ್ಟಿವ್ ಬ್ಯಾಲೆನ್ಸರ್ ಇನ್ನೂ ಚುರುಕು, ಒಪ್ಪಿದೆ. ಆದರೆ ಅದನ್ನು ಮಟ್ಟಸ ಜಾಗದಲ್ಲೂ ಓಡಲು ಬಿಟ್ಟರೆ ಇದ್ದ ಸಮವನ್ನೂ ಕೆಡಿಸುತ್ತದೆ. ಬಿಎಂಎಸ್ ಮನೆಯ ಕಾವಲುಗಾರ; ಅವನ ಕೈಗೆ ಗಾರೆಕೆಲಸ ಒಪ್ಪಿಸುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪ ತುಸು ತೂಕದ್ದು: ಪೂರ್ತಿ ತುಂಬಿಸುವುದೇ ಬೇಡ, ನಡುವಿನಲ್ಲೇ ಆಡಿಸಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ, ಆಗ ಸಮ ಯಾಕೆ? ಬಾಳಿಕೆಯ ಮಾತು ನಿಜ. ದಿನಬಳಕೆಗೆ ಸೆಲ್‌ಗೆ 3.45, ಹದಿನಾರಕ್ಕೆ 55.2 ವೋಲ್ಟ್ ಧಾರಾಳವಾಯಿತು, 58.4ರ ಹಟ ಬೇಡ. ಆದರೆ ಎಂದೂ ಮೇಲೆ ಹತ್ತದ ಬ್ಯಾಟರಿಯಲ್ಲಿ ಸೆಲ್‌ಗಳು ಚದುರಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಬಿಎಂಎಸ್ ತೋರಿಸುವ ಶೇಕಡಾವಾರು ಲೆಕ್ಕವೂ ದಿನದಿನಕ್ಕೆ ಜಾರುತ್ತದೆ. ಕೆಳತುದಿಯಲ್ಲಿ ಸಮ ಮಾಡುವವರೂ ಇದ್ದಾರೆ. ಸೂರ್ಯ ದಿನಾ ಮೇಲ್ತುದಿಗೇ ತಳ್ಳುವ ಮನೆಗೆ ಅದು ಹೊಂದುವುದಿಲ್ಲ.

ಆದ್ದರಿಂದ ಮೊದಲು ಬಿಎಂಎಸ್ ಸಮೇತ ಸರಣಿಯಲ್ಲಿಟ್ಟು, ಯಾವುದಾದರೊಂದು ಸೆಲ್ 3.65 ಮುಟ್ಟುವವರೆಗೆ ಚಾರ್ಜ್ ಮಾಡಿ. ಆಮೇಲೆ ಬಿಚ್ಚಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಎಲ್ಲವನ್ನೂ ಸಮಾನಾಂತರವಾಗಿ ಜೋಡಿಸಿ. ಪವರ್ ಸಪ್ಲೈಯನ್ನು ತಂತಿ ಸಿಕ್ಕಿಸುವ ಮೊದಲೇ 3.65ಕ್ಕೆ ಇಟ್ಟುಕೊಂಡು, ಕರೆಂಟ್ ಸೊನ್ನೆಯ ಹತ್ತಿರ ಇಳಿಯುವವರೆಗೆ ಕಾಯಿರಿ. ಸರಣಿಯ ಹಂತ ಬಿಟ್ಟು ಅರ್ಧ ತುಂಬಿದ ಸೆಲ್‌ಗಳನ್ನು ನೇರ 10 ಆಂಪಿಯರ್‌ಗೆ ಹಚ್ಚಿದರೆ ಒಂಬತ್ತು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಅವಸರಕ್ಕೆ ವೋಲ್ಟೇಜ್ ಏರಿಸಬೇಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿರಲಿ, ಬೆರಳಿನ ಉಂಗುರ ಬಿಚ್ಚಿಡಿ.