ಉಷ್ಣ ಅಂದುಬಿಟ್ಟೆ

ಅಪ್ಪನಿಗೆ 68. ಮಲದಲ್ಲಿ ರಕ್ತ ಕಂಡಿತು ಅಂದದ್ದೇ ತಡ, ಕೊಲೊನೋಸ್ಕೋಪಿಗೆ ದಿನ ಗೊತ್ತುಮಾಡಿಸಿದೆ. ಹಿಂದಿನ ಸಂಜೆ ಭೇದಿಯ ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ, ಕಾಲು ಗಂಟೆಗೊಂದು ಲೋಟ ಕುಡಿಸಿದವನು ನನ್ನ ತಮ್ಮ. ಆ ಉಪ್ಪುಪ್ಪು ನಿಂಬೆರುಚಿಗೆ ಅಪ್ಪ ಮುಖ ಹಿಂಡುವುದು, ತಮ್ಮ ಕೈಹಿಡಿದು ಕಕ್ಕಸಿನವರೆಗೆ ನಡೆಸುವುದು, ರಾತ್ರಿ ಹನ್ನೊಂದರವರೆಗೂ ಇದೇ.

ಮರುದಿನ ಎರಡು ಪಾಲಿಪ್ ಸಿಕ್ಕವು. ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆದರು. ಇವು ಕ್ಯಾನ್ಸರಿಗೆ ತಿರುಗಲು ಸಾಮಾನ್ಯವಾಗಿ 10 ವರ್ಷವಾದರೂ ಬೇಕು, ಅಷ್ಟರೊಳಗೆ ಸಿಕ್ಕಿದವಲ್ಲ ಎಂದರು ವೈದ್ಯರು. ಹೊರಗೆ ಬೆಂಚಿನ ಮೇಲೆ ಕೂತು ಸಮಾಧಾನದಿಂದ ಅತ್ತೆ. ಆಗ ತಮ್ಮ ಮೆಲ್ಲಗೆ, "ಅಕ್ಕಾ, ನಂಗೂ ಆಗಾಗ ರಕ್ತ ಹೋಗ್ತಿದೆ ಕಣೆ" ಅಂದ.

"ಉಷ್ಣ ಕಣೋ. ದಿನವಿಡೀ ಕ್ಯಾಬಲ್ಲಿ ಕೂತಿರ್ತೀಯ, ಮೂಲವ್ಯಾಧಿ ಇರ್ಬೇಕು. ಮೆಂತ್ಯ ನೆನೆಸಿ ತಿನ್ನು, ಮಜ್ಜಿಗೆ ಕುಡಿ."

ಅವನಿಗೆ ಆಗಷ್ಟೇ 36 ತುಂಬಿತ್ತು. ಅಪ್ಪನ ರಕ್ತಕ್ಕೆ ಓಡೋಡಿ ಬಂದ ನಾನು ತಮ್ಮನ ರಕ್ತಕ್ಕೆ ಮನೆಮದ್ದು ಹೇಳಿ ಬಾಯಿ ಮುಚ್ಚಿಸಿದೆ. ವೈದ್ಯರು ಗೋಡೆಯಾಚೆಯೇ ಇದ್ದರು.

ಎಂಟು ತಿಂಗಳು ಕಳೆಯಿತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡದ್ದನ್ನು ನೋಡಿ, "ಸಣ್ಣಗಾಗಿದ್ದೀಯ, ಒಳ್ಳೇದಾಯ್ತು" ಅಂದಿದ್ದೆ. ಆ ಮಾತು ನೆನಪಾದರೆ ಈಗಲೂ ನಿದ್ದೆ ಬರುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 7. ಸರ್ಜನ್ ಕೈಗವಸು ತೊಟ್ಟು ಬೆರಳಿಟ್ಟು ನೋಡಿದರು. ಎರಡೇ ನಿಮಿಷ. ಗಡ್ಡೆ ಬೆರಳಿಗೇ ತಾಗಿತು. ಗುದನಾಳದ ಕ್ಯಾನ್ಸರ್, ಮೂರನೇ ಹಂತ.

ಆಮೇಲೆ ಕೇಳಿ ತಿಳಿದುಕೊಂಡೆ. ವಯಸ್ಸಾದವರಲ್ಲಿ ದೊಡ್ಡಕರುಳಿನ ಬಲಭಾಗದ ಗಡ್ಡೆಗಳು ಹೆಚ್ಚು, ಅವು ಸದ್ದಿಲ್ಲದೆ ರಕ್ತಹೀನತೆ ತರುತ್ತವೆ. ಎಳೆಯರಲ್ಲಿ ಎಡಭಾಗ, ಗುದನಾಳವೇ ಹೆಚ್ಚು. ಅಲ್ಲಿಯ ರಕ್ತ ಕಣ್ಣಿಗೆ ಕಾಣುತ್ತದೆ, ಕಂಡ ಕೂಡಲೇ ಪೈಲ್ಸ್ ಎಂಬ ಹೆಸರು ಬೀಳುತ್ತದೆ. ರೋಗ ಗೊತ್ತಾಗುವಷ್ಟರಲ್ಲಿ ಎಳೆಯರಲ್ಲಿ ಅದು ಎಷ್ಟೋ ಸಲ ಮುಂದುವರಿದಿರುತ್ತದೆ. ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 43. ಮರುವರ್ಷ ಅಮೆರಿಕದ ತಜ್ಞರ ಸಮಿತಿ ಯಾವ ತೊಂದರೆಯೂ ಇಲ್ಲದವರ ತಪಾಸಣೆಯ ವಯಸ್ಸನ್ನೇ 50ರಿಂದ 45ಕ್ಕೆ ಇಳಿಸಿತು. ನನ್ನ ತಮ್ಮನಿಗೆ ಆ 45ರ ಲೆಕ್ಕವೂ ಬೇಕಿರಲಿಲ್ಲ. ರಕ್ತ ಕಂಡಿತ್ತು, ಅವನು ಬಾಯಿಬಿಟ್ಟು ಹೇಳಿದ್ದ.

ವಿಕಿರಣ, ಕೀಮೋ, ಶಸ್ತ್ರಚಿಕಿತ್ಸೆ ಎಲ್ಲ ಆಯಿತು. ಹೊಟ್ಟೆಯ ಮೇಲೆ ಈಗ ಚೀಲವಿದೆ. ಒಡಹುಟ್ಟಿದವರು, ಮಕ್ಕಳು 40ಕ್ಕೆ, ಇಲ್ಲವೇ ಇವನಿಗೆ ರೋಗ ಸಿಕ್ಕ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗವೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು ಎಂದಿದ್ದಾರೆ. ನನಗೆ 41, ಕಳೆದ ತಿಂಗಳು ಮಾಡಿಸಿಕೊಂಡೆ. ಮೊನ್ನೆ ಚೀಲ ಬದಲಿಸುತ್ತಾ ತಮ್ಮ ಕೇಳಿದ: "ಪುಟ್ಟಿಗೆ ಯಾವ ಇಸವಿ ಆಗುತ್ತೆ ಅಕ್ಕಾ? ಬರೆದಿಡು."

ಅವನ ಮಗು ಹುಟ್ಟಿದ್ದು 2019ರಲ್ಲಿ. ತಾಯಿ ಕಾರ್ಡ್ ಹುಡುಕಿ ತೆಗೆದು, ಲಸಿಕೆಯ ತಾರೀಖುಗಳ ಕೆಳಗೆ 2045 ಎಂದು ಬರೆದೆ.