ಎರಡು ಅಂಕಿಯ ಚೀಟಿ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಮ್ಮ ದೊಡ್ಡಪ್ಪನದೊಂದು ಲಾರಿ ಆಫೀಸಿತ್ತು. ಆಫೀಸು ಅಂದರೆ ಒಂದು ಮೇಜು, ಒಂದು ಫೋನು, ಎರಡು ಬೆಂಚು, ಗೋಡೆ ತುಂಬ ಕ್ಯಾಲೆಂಡರು. ಸ್ವಂತದ ಲಾರಿ ಮಾತ್ರ ಒಂದೂ ಇರಲಿಲ್ಲ. ದಸರಾ ರಜೆಗೆ ಹೋದಾಗೆಲ್ಲ ನನಗೆ ಇದೇ ದೊಡ್ಡ ನಿರಾಸೆ. ಲಾರಿ ಇಲ್ಲದ ಲಾರಿ ಆಫೀಸು ಎಂಥದ್ದು?

"ಲಾರಿ ಇರೋನ ಹತ್ರ ಲೋಡ್ ಇರಲ್ಲ, ಲೋಡ್ ಇರೋನ ಹತ್ರ ಲಾರಿ ಇರಲ್ಲ. ಇಬ್ಬರನ್ನೂ ಕೂಡಿಸೋದು ನನ್ ಕೆಲಸ ಕಣೋ," ಅನ್ನುತ್ತಿದ್ದ ದೊಡ್ಡಪ್ಪ.

ಅದು ಮೆಕ್ಕೆಜೋಳದ ಸೀಸನ್ ಶುರುವಾಗುವ ಹೊತ್ತು. ತಮಿಳುನಾಡಿನ ನಾಮಕ್ಕಲ್‌ನಲ್ಲಿ ಕೋಳಿ ಫಾರಂಗಳು ಹೆಚ್ಚು, ಕೋಳಿಗೆ ಮೇವು ಬೇಕು, ನಮ್ಮ ಕಡೆಯ ಜೋಳ ಅಲ್ಲಿಗೆ ಹೋಗುತ್ತಿತ್ತು. ಮಾಲು ಇಳಿಸಿ ಖಾಲಿಯಾದ ತಮಿಳುನಾಡು ಲಾರಿಗಳು ರಿಟರ್ನ್ ಲೋಡ್ ಹುಡುಕಿಕೊಂಡು ದೊಡ್ಡಪ್ಪನ ಬೆಂಚಿಗೆ ಬಂದು ಕೂರುತ್ತಿದ್ದವು. ಅಂದರೆ ಡ್ರೈವರ್‌ಗಳು ಕೂರುತ್ತಿದ್ದರು. ಖಾಲಿ ಲಾರಿಯ ಡ್ರೈವರ್ ಎಷ್ಟು ಕಡಿಮೆ ಬಾಡಿಗೆಗೆ ಬೇಕಾದರೂ ಒಪ್ಪಿಕೊಳ್ಳುತ್ತಾನೆ. ಖಾಲಿ ಓಡಿಸಿಕೊಂಡು ಹೋದರೆ ಡೀಸೆಲ್ ದುಡ್ಡು ಅವನ ಕೈಯಿಂದಲೇ ಹೋಗುತ್ತದೆ. ಇದು ಬೆಂಚಿನ ಮೇಲೆ ಕೂತವನಿಗೂ ಗೊತ್ತು, ಮೇಜಿನ ಹಿಂದೆ ಕೂತವನಿಗೂ ಗೊತ್ತು. ಬ್ರೋಕರ್ ಎಂಥವನು ಅನ್ನೋದು ಗೊತ್ತಾಗುವುದು ಅಲ್ಲಿಯೇ.

ದೊಡ್ಡಪ್ಪ ಒಂದು ಚೀಟಿ ಬರೆಯುತ್ತಿದ್ದ. ಪಾರ್ಟಿ ಟನ್ನಿಗೆ ಎಷ್ಟು ಕೊಡುತ್ತದೆ, ಅದರಲ್ಲಿ ತನ್ನ ಕಮಿಷನ್ ಎಷ್ಟು, ಲಾರಿಗೆ ಎಷ್ಟು. ಮೂರೂ ಒಂದೇ ಚೀಟಿಯಲ್ಲಿ. ಅದನ್ನು ಡ್ರೈವರ್ ಕೈಗೆ ಕೊಟ್ಟು, ಓದು ಬಾರದವನಾದರೆ ಬಾಯಲ್ಲಿ ಹೇಳಿ, ಆಮೇಲೆ ಅಡ್ವಾನ್ಸ್ ಎಣಿಸುತ್ತಿದ್ದ. ಪಕ್ಕದ ಆಫೀಸಿನವರು ಇದನ್ನು ನೋಡಿ ನಗುತ್ತಿದ್ದರು. ಅಂಕಿ ತೋರಿಸಿದರೆ ನಾಳೆ ಡ್ರೈವರ್ ನೇರ ಪಾರ್ಟಿ ಹತ್ತಿರವೇ ಹೋಗ್ತಾನಲ್ಲ ಅಂತ. "ಹೋಗ್ಲಿ ಬಿಡ್ರಿ, ಮೂರು ದಿನ ಬಿಟ್ಟು ಮತ್ತೆ ನನ್ ಬೆಂಚಿಗೇ ಬರ್ತಾನೆ," ಅನ್ನುತ್ತಿದ್ದ ದೊಡ್ಡಪ್ಪ. ಬರುತ್ತಿದ್ದರು ಕೂಡ.

ಹಾಗಂತ ಅವನನ್ನು ಸಂತ ಅಂದುಕೊಳ್ಳಬೇಡಿ. 10 ಟನ್ ಪಾಸಿಂಗ್ ಇದ್ದ ಲಾರಿಗೆ 15 ಟನ್ ಹೇರಿಸಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ದಾರಿಯ ಮಾಮೂಲು ಡ್ರೈವರ್ ಪಾಲಿಗೆ. ಇನ್ನೊಂದು ಸಲ ಒಬ್ಬ ಡ್ರೈವರ್, ನಾಮಕ್ಕಲ್‌ನ ಫೀಡ್ ಫ್ಯಾಕ್ಟರಿಯ ಮುಂದೆ ಎರಡು ದಿನ ಕಾದು ಅನ್‌ಲೋಡ್ ಮಾಡಿ ಬಂದವನು, "ಹಾಲ್ಟಿಂಗ್ ಕಾಸು ಅಣ್ಣಾ..." ಅಂತ ಕೇಳಿದ. ದೊಡ್ಡಪ್ಪ ಅವನಿಗೆ ಟೀ ತರಿಸಿದ, ಊಟ ಹಾಕಿಸಿದ, ಹಾಲ್ಟಿಂಗ್ ಮಾತ್ರ ಕೊಡಲಿಲ್ಲ. ಪಾರ್ಟಿಯನ್ನು ಕೇಳಲೂ ಇಲ್ಲ. ಕೇಳಿದರೆ ಮುಂದಿನ ಲೋಡು ಪಕ್ಕದ ಆಫೀಸಿಗೆ ಹೋಗುತ್ತದೆ ಅನ್ನುವ ಹೆದರಿಕೆ. ಇದನ್ನು ಯಾಕೆ ಇಲ್ಲಿ ಹೇಳಿದೆ ಅಂದರೆ, ಹಾಲ್ಟಿಂಗ್ ವಿಷಯ ಮುಂದೆ ಮತ್ತೆ ಬರುತ್ತದೆ.

ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದ ನಾನು ಎರಡು ಕೆಲಸ ಬದಲಾಯಿಸಿ, 2021ರ ಕೊನೆಗೆ ಹೊರ ವರ್ತುಲ ರಸ್ತೆಯ ಒಂದು ಗಾಜಿನ ಕಟ್ಟಡದಲ್ಲಿ ರಾತ್ರಿ ಪಾಳಿಗೆ ಸೇರಿದೆ. ಅಮೆರಿಕದ ಒಂದು ಫ್ರೈಟ್ ಬ್ರೋಕರ್ ಕಂಪನಿಯ ಹಿಂಬದಿ ಕೆಲಸ. ಮೊದಲ ವಾರದ ಟ್ರೇನಿಂಗ್‌ನಲ್ಲೇ ನನಗೆ ನಗು ಬಂದಿತ್ತು. ಲೋಡ್ ಇರುವವನು, ಟ್ರಕ್ ಇರುವವನು, ನಡುವೆ ನಾವು. ಪಿ.ಬಿ. ರಸ್ತೆಯ ಬೆಂಚು ಇಲ್ಲಿ ಲೋಡ್ ಬೋರ್ಡ್ ಅನ್ನುವ ವೆಬ್‌ಸೈಟ್ ಆಗಿತ್ತು, ಚೀಟಿ ರೇಟ್ ಕನ್ಫರ್ಮೇಷನ್ ಅನ್ನುವ ಪಿಡಿಎಫ್ ಆಗಿತ್ತು. ವ್ಯತ್ಯಾಸ ಒಂದೇ. ಈ ಪಿಡಿಎಫ್‌ನಲ್ಲಿ ಇದ್ದದ್ದು ಒಂದೇ ಅಂಕಿ.

ಅಲ್ಲಿ ಕಾನೂನು ಇಲ್ಲ ಅಂತಲ್ಲ. ಬ್ರೋಕರ್ ಆಗಲು ಲೈಸೆನ್ಸ್ ಬೇಕು. ಟ್ರಕ್ಕಿನವನಿಗೆ ದುಡ್ಡು ಕೊಡದೆ ಕೈ ಎತ್ತಿದರೆ ಅವನು ಹೋಗಿ ಕೇಳಿಕೊಳ್ಳಲಿ ಅಂತ 75,000 ಡಾಲರಿನ ಬಾಂಡ್ ಇಡಬೇಕು. ಮೊದಲು ಅದು 10,000 ಇತ್ತು, 2013ರಿಂದ ಏರಿಸಿದರು. ಎಲ್ಲಕ್ಕಿಂತ ನನ್ನ ಗಮನ ಸೆಳೆದದ್ದು 371.3 ಅನ್ನುವ ಫೆಡರಲ್ ನಿಯಮ. ಪ್ರತಿ ಲೋಡಿನ ಲೆಕ್ಕವನ್ನೂ ಬ್ರೋಕರ್ ಮೂರು ವರ್ಷ ಇಟ್ಟಿರಬೇಕು, ಆ ವ್ಯವಹಾರದಲ್ಲಿ ಪಾಲುಗೊಂಡ ಯಾರೇ ಆದರೂ ಅದನ್ನು ನೋಡುವ ಹಕ್ಕಿದೆ. ಅಂದರೆ ದೊಡ್ಡಪ್ಪನ ಚೀಟಿ! ನಮ್ಮಲ್ಲೂ 2007ರ ರಸ್ತೆ ಸಾಗಣೆ ಕಾಯ್ದೆ ಬ್ರೋಕರನನ್ನು ಹೆಸರಿಸಿ ನೋಂದಣಿ, ರಸೀದಿ, ಹಾನಿಯ ಹೊಣೆ ಎಲ್ಲ ಹೇಳುತ್ತದೆ. ಎರಡೂ ಅಂಕಿ ತೋರಿಸು ಅನ್ನುವ ಮಾತು ಅದರಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಆದರೆ ಆ 371.3ಕ್ಕೆ ಮದ್ದೂ ಇತ್ತು. ಟ್ರಕ್ಕಿನವನು ನಮ್ಮ ಜೊತೆ ಮೊದಲ ಸಲ ಕೆಲಸಕ್ಕೆ ಬರುವಾಗ ಸಹಿ ಹಾಕುವ ಉದ್ದನೆಯ ಒಪ್ಪಂದದಲ್ಲಿ "371.3ರ ಹಕ್ಕನ್ನು ಬಿಟ್ಟುಕೊಡುತ್ತೇನೆ" ಅಂತ ಒಂದು ಸಾಲು. ಇದು ನಮ್ಮ ಕಂಪನಿಯೊಂದರ ಬುದ್ಧಿವಂತಿಕೆಯಲ್ಲ, ಆ ಧಂದೆಯಲ್ಲಿ ಸಾಮಾನ್ಯ. 2020ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ ಬಾಡಿಗೆ ನೆಲಕ್ಕೆ ಬಿದ್ದಾಗ, ಟ್ರಕ್ ಡ್ರೈವರ್‌ಗಳು ವಾಷಿಂಗ್ಟನ್ನಿನಲ್ಲಿ ರಸ್ತೆ ಬದಿಗೆ ಟ್ರಕ್ ಸಾಲಾಗಿ ನಿಲ್ಲಿಸಿ ಹಾರ್ನ್ ಹೊಡೆದರು. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು ಇದೇ, ಇನ್ನೊಂದು ಅಂಕಿ ತೋರಿಸಿ.

ನನ್ನ ಕಥೆ 2022ರ ಅಕ್ಟೋಬರ್‌ನದು. ಆ ವರ್ಷ ಅಲ್ಲಿ ಡೀಸೆಲ್ ಗ್ಯಾಲನ್ನಿಗೆ 5 ಡಾಲರ್ ದಾಟಿತ್ತು, ಬಾಡಿಗೆ ಮಾತ್ರ ಇಳಿಯುತ್ತಾ ಹೋಗಿತ್ತು. ಕ್ಯಾಲಿಫೋರ್ನಿಯಾದ ಮೊಡೆಸ್ಟೋ ಹತ್ತಿರದಿಂದ ಡಲ್ಲಾಸ್‌ಗೆ ಒಂದು ಲೋಡ್ ಬಾದಾಮಿ. ಪಾರ್ಟಿ ನಮಗೆ ಕೊಡುತ್ತಿದ್ದದ್ದು 4,100 ಡಾಲರ್. ನಾನು ಟ್ರಕ್ಕಿನವನನ್ನು 3,350ಕ್ಕೆ ಒಪ್ಪಿಸಿದೆ. ನನ್ನ ಟೀಮ್ ಲೀಡ್ ಚಾಟ್‌ನಲ್ಲಿ ಒಂದು ಬೆಂಕಿ ಇಮೋಜಿ ಹಾಕಿದ.

ಟ್ರಕ್ಕಿನವರು ಪಂಜಾಬಿನ ಹಿರಿಯರು. ಸ್ವಂತದ ಒಂದೇ ಟ್ರಕ್ಕು, ತಾವೇ ಡ್ರೈವರ್. ಫೋನಿನಲ್ಲಿ ನನ್ನ ಹೆಸರು ಸ್ಯಾಮ್. ಎರಡು ವಾಕ್ಯ ಮಾತಾಡುವಷ್ಟರಲ್ಲಿ ಅವರು ಹಿಂದಿಗೆ ತಿರುಗಿ, "ಪುತ್ತರ್, ಇಂಡಿಯಾದಲ್ಲಿ ಎಲ್ಲಿ?" ಅಂದರು. ಬೆಂಗಳೂರು ಅಂದೆ. ಅಲ್ಲಿಂದ ಮುಂದೆ ಅವರು ಅಂಕಲ್‌ಜಿ.

ಬೆಳಗ್ಗೆ 7ಕ್ಕೆ ಗೋದಾಮಿನ ಗೇಟಿನಲ್ಲಿದ್ದರು. ಮೊದಲ 2 ಗಂಟೆ ಕಾಯುವುದು ಪುಕ್ಕಟೆ, ಆಮೇಲೆ ಗಂಟೆಗೆ 50 ಡಾಲರ್. ನಮ್ಮ ಹಾಲ್ಟಿಂಗಿಗೆ ಅಲ್ಲಿ ಡಿಟೆನ್ಷನ್ ಅನ್ನುತ್ತಾರೆ. ಎಂಟೂವರೆಗೆ ಫೋನ್ ಮಾಡಿ, "ಇನ್ನೂ ಡೋರ್ ಕೊಟ್ಟಿಲ್ಲ ಪುತ್ತರ್, ಬರೆದುಕೋ," ಅಂದರು. ಬರೆದುಕೊಂಡೆ. ಲೋಡ್ ಆಗಿ ಅವರು ಹೊರಟಾಗ ಅಲ್ಲಿ ಮಧ್ಯಾಹ್ನ 2, ನನಗೆ ರಾತ್ರಿ ಎರಡೂವರೆ. ಲೆಕ್ಕ ಸುಲಭ. 5 ಗಂಟೆ, 250 ಡಾಲರ್. ನಾನು ಪಾರ್ಟಿಗೆ ಮೇಲ್ ಮಾಡಿದೆ. ಪಾರ್ಟಿ ತಕರಾರಿಲ್ಲದೆ ಒಪ್ಪಿತು.

ಟ್ರಕ್ಕಿನ ಬಿಲ್ ಬಂದಾಗ ಅಕೌಂಟ್ಸ್‌ನವರು ಆ 250 ಕತ್ತರಿಸಿದರು. ಪಿಡಿಎಫ್‌ನ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಪುಕ್ಕಟೆ ಅವಧಿ ಮುಗಿಯುವ ಅರ್ಧ ಗಂಟೆ ಮೊದಲೇ ಇಮೇಲ್ ಮೂಲಕ ತಿಳಿಸಿರಬೇಕು. ಅವರು ತಿಳಿಸಿದ್ದು ಸಮಯಕ್ಕೆ ಸರಿಯಾಗಿ. ಆದರೆ ಫೋನಿನಲ್ಲಿ. ನಾನು ಲೀಡ್ ಹತ್ತಿರ ಹೋಗಿ, ಪಾರ್ಟಿ ದುಡ್ಡು ಕೊಟ್ಟಾಗಿದೆಯಲ್ಲ ಅಂದೆ. "ಪಾರ್ಟಿ ಜೊತೆ ನಮ್ಮ ಒಪ್ಪಂದ ಬೇರೆ, ಟ್ರಕ್ ಜೊತೆ ಬೇರೆ. ಪಾಲಿಸಿ ಗುರೂ," ಅಂದ. ಕೆಟ್ಟವನಲ್ಲ ಅವನು. ನನ್ನ ಅಪ್ಪನ ಆಪರೇಷನ್‌ಗೆ ರಜೆ ಹೊಂದಿಸಿಕೊಟ್ಟವನು. ಟ್ರೇನಿಂಗ್‌ನಲ್ಲಿ ನಮಗೆ ಎಥಿಕ್ಸ್ ಸ್ಲೈಡುಗಳನ್ನು ತೋರಿಸಿದವನೂ ಅವನೇ. ಪಾರದರ್ಶಕತೆ ಅನ್ನುವ ಸ್ಲೈಡಿನಲ್ಲಿ ಕೈ ಕುಲುಕುವ ಚಿತ್ರವಿತ್ತು. ನಿಮ್ಮ ಆಫೀಸಿನಲ್ಲೂ ಅದೇ ಚಿತ್ರ ಇರುತ್ತದೆ.

ಅಂಕಲ್‌ಜಿ ಫೋನ್ ಮಾಡಿದರು. ರೇಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಪುತ್ತರ್, ಪಾರ್ಟಿ ನಿಮಗೆ ಡಿಟೆನ್ಷನ್ ಕೊಟ್ಟಿದೆಯಾ?"

ಪಾರ್ಟಿ ಒಪ್ಪಿದ ಮೇಲ್ ನನ್ನ ಎದುರಿನ ಸ್ಕ್ರೀನಿನ ಮೇಲೇ ಇತ್ತು. ಕರೆ ರೆಕಾರ್ಡ್ ಆಗುತ್ತದೆ ಅನ್ನುವುದೂ ಗೊತ್ತಿತ್ತು. "ಇಲ್ಲ ಅಂಕಲ್‌ಜಿ," ಅಂದೆ.

"ಹಾಗಾದರೆ ನೀನೇನು ಮಾಡುತ್ತೀಯ ಬಿಡು," ಅಂತ ಅವರೇ ನನಗೆ ಸಮಾಧಾನ ಹೇಳಿದರು.

ಒಂದು ವಾರದ ನಂತರ ಅವರಿಂದ ಇಮೇಲ್ ಬಂತು, ಇಂಗ್ಲಿಷಿನಲ್ಲಿ, ಯಾರೋ ಬರೆದುಕೊಟ್ಟಂತಿತ್ತು. 371.3ರ ಪ್ರಕಾರ ಆ ಲೋಡಿನ ಲೆಕ್ಕ ತೋರಿಸಿ. ನಮ್ಮ ಕಡೆಯಿಂದ ಅವರೇ ಸಹಿ ಹಾಕಿದ್ದ ಒಪ್ಪಂದದ ಪುಟ ಹೋಯಿತು. ಅದೇ ದಿನ ಸಿಸ್ಟಮ್‌ನಲ್ಲಿ ಅವರ ಹೆಸರಿನ ಪಕ್ಕ ಕೆಂಪು ಗುರುತು ಬಿತ್ತು, ಇವರಿಗೆ ಲೋಡ್ ಕೊಡಬೇಡಿ ಅಂತ. ಕ್ಲಿಕ್ ಮಾಡಿದವನು ನಾನಲ್ಲ. ಇದನ್ನು ಹೇಳಿಕೊಂಡು ಎಷ್ಟೋ ರಾತ್ರಿ ಕ್ಯಾಬ್‌ನಲ್ಲಿ ಮನೆಗೆ ಹೋಗಿದ್ದೇನೆ. ಮಾರನೇ ಮಾರ್ಚ್‌ನಲ್ಲಿ ಕೆಲಸ ಬಿಟ್ಟೆ. ಇದಕ್ಕಾಗಿಯೇ ಬಿಟ್ಟೆ ಅಂದರೆ ಇನ್ನೊಂದು ಸುಳ್ಳಾಗುತ್ತದೆ. ಹಗಲು ಪಾಳಿಯ ಕೆಲಸ ಸಿಕ್ಕಿತ್ತು.

ನಾನು ಬಹಳ ಯೋಚಿಸಿದ್ದೇನೆ. ದೊಡ್ಡಪ್ಪ ಹಾಲ್ಟಿಂಗ್ ಕೇಳಲೇ ಇಲ್ಲ, ನಾವು ಕೇಳಿ ವಸೂಲು ಮಾಡಿ ಇಟ್ಟುಕೊಂಡೆವು. ಕಾದು ಕೂತವನ ಜೇಬಿಗೆ ಎರಡೂ ಕಡೆ ಬಿದ್ದದ್ದು ಸೊನ್ನೆಯೇ. ಆದರೂ ನಾಮಕ್ಕಲ್ಲಿನ ಆ ಡ್ರೈವರ್‌ಗೆ ತನಗೆ ಯಾಕೆ ಸಿಗಲಿಲ್ಲ ಅನ್ನುವುದು ಗೊತ್ತಿತ್ತು. ಬೈದುಕೊಳ್ಳುವುದಕ್ಕಾದರೂ ಸರಿಯಾದ ವಿಳಾಸ ಇತ್ತು. ಅಂಕಲ್‌ಜಿ ಇವತ್ತಿಗೂ ಆ ಪಾರ್ಟಿಯನ್ನೇ ಬೈಯುತ್ತಿರಬಹುದು.

2023ರ ದೀಪಾವಳಿಗೆ ದಾವಣಗೆರೆಗೆ ಹೋಗಿದ್ದೆ. ಲಾರಿ ಆಫೀಸಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿ. ದೊಡ್ಡಪ್ಪನಿಗೆ ಕಿವಿ ಮಂದ. ಜಗುಲಿಯ ಮೇಲೆ ಕೂತು, ಅಮೆರಿಕದ ಲಾರಿ ಧಂದೆ ಹೆಂಗೈತಿ ಹೇಳು ಅಂದ. ಎಲ್ಲ ಹೇಳಿದೆ. 4,100, 3,350 ಅಂದಾಗ ಬೆರಳಲ್ಲಿ ಲೆಕ್ಕ ಹಾಕಿ, "ಜಾಸ್ತಿ ಆತು," ಅಂದ. ಬೇರೇನೂ ಹೇಳಲಿಲ್ಲ. ಕಾಯಿಸಿದ ಕಥೆಗೆ ಬಂದಾಗ ಮಾತ್ರ ತಡೆದ.

"ಪಾರ್ಟಿ ಕೊಟ್ಟಿತ್ತಾ?"

"ಕೊಟ್ಟಿತ್ತು ದೊಡ್ಡಪ್ಪ."

"ನಮ್ಮ ದುಡ್ಡಲ್ಲಿ ಎಷ್ಟಾಗತ್ತೆ?"

"20,000 ಹತ್ತಿರ."

ಅವನು ಸ್ವಲ್ಪ ಹೊತ್ತು ರಸ್ತೆ ನೋಡಿದ. ಆಮೇಲೆ, "ಆ ಮನುಷ್ಯನ ನಂಬರ್ ಐತೇನೋ ನಿನ್ ಹತ್ರ?" ಅಂದ.

ಇದೆ.